ದುಬೈನಲ್ಲಿದ್ದೇನೆ, ಆಧಾರ್ ಇಲ್ಲ: ನವನಗರದ ಮನೆ ನನ್ನ ಹೆಸರಿಗೆ ಖರೀದಿ ಆಗುತ್ತದೆಯೇ?

ಮಾಳಮಡ್ಡಿಯವನು:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಮಾಳಮಡ್ಡಿಯಲ್ಲಿ ಹುಟ್ಟಿ ಬೆಳೆದವನು. 2010ರಲ್ಲಿ ದುಬೈಗೆ ಬಂದೆ. ದೊಡ್ಡ ಕಟ್ಟಡಗಳ ಎಸಿ ನೋಡಿಕೊಳ್ಳುವ ಕಂಪನಿಯಲ್ಲಿ ಮೊದಲು ಸಹಾಯಕನಾಗಿದ್ದೆ, ಈಗ ಹನ್ನೆರಡು ಜನರ ತಂಡಕ್ಕೆ ಮೇಲ್ವಿಚಾರಕ. ಇಷ್ಟು ವರ್ಷ ಅವ್ವ ಬಾಡಿಗೆ ಮನೆಯಲ್ಲೇ ಕಳೆದಿದ್ದಾಳೆ. ಐದು ಮನೆ ಬದಲಿಸಿದ್ದಾಳೆ. ಪ್ರತಿ ಸಲವೂ ತುಳಸಿಕಟ್ಟೆಯನ್ನು ಅಲ್ಲೇ ಬಿಟ್ಟು, ಗಿಡವನ್ನು ಮಾತ್ರ ಡಬ್ಬಿಯಲ್ಲಿ ನೆಟ್ಟುಕೊಂಡು ಮುಂದಿನ ಮನೆಗೆ ಹೋಗಿದ್ದಾಳೆ.

ಈಗ ಹುಬ್ಬಳ್ಳಿಯ ನವನಗರದಲ್ಲಿ ಒಂದು ಹಳೆಯ ಮನೆ ಗೊತ್ತಾಗಿದೆ. ಎರಡು ಕೋಣೆ, ಅಡುಗೆಮನೆ, ಹಿತ್ತಿಲಲ್ಲಿ ಒಂದು ಕರಿಬೇವು, ಒಂದು ನುಗ್ಗೆ. ಚಿಗರಿ ಬಸ್ ನಿಲ್ದಾಣಕ್ಕೆ ಅವ್ವ ನಿಧಾನವಾಗಿ ನಡೆದರೂ ಹತ್ತು ನಿಮಿಷ. ಮಾರುವವರು ನಿವೃತ್ತ ಶಿಕ್ಷಕರು, ಮಗಳ ಊರಿಗೆ ಹೋಗಲಿದ್ದಾರೆ. 46 ಲಕ್ಷಕ್ಕೆ ಮಾತಾಗಿದೆ. ನಾನು ಇಲ್ಲಿದ್ದೇನೆಂದು ತಮ್ಮನೇ ಎರಡು ಲಕ್ಷದ ಚೆಕ್ ಕೊಟ್ಟು ಸಂಚಕಾರ ಪತ್ರ (ಮುಂಗಡ ಕೊಟ್ಟು ಮಾಡುವ ಖರೀದಿ ಕರಾರು) ಮಾಡಿಸಿದ. ಅದು ಅವನ ಹೆಸರಿನಲ್ಲಿದೆ. ಆದರೆ ಮನೆ ನನ್ನ ಹೆಸರಿಗೇ ಆಗಬೇಕೆಂದು ಅವ್ವ ಹಟ ಹಿಡಿದಿದ್ದಾಳೆ. ‘ಬಿಸಿಲಿನಲ್ಲಿ ಮಾಳಿಗೆಯ ಮೇಲೆ ನಿಂತು ದುಡಿದವನು ನೀನು, ಕಾಗದದ ಮೇಲೆ ನಿನ್ನ ಹೆಸರೇ ಇರಬೇಕು’ ಎನ್ನುತ್ತಾಳೆ. ತಮ್ಮನಿಗೂ ಅದರಲ್ಲಿ ಬೇಸರವಿಲ್ಲ.

ಗುರುತಿನ ಕಾಗದದ ವಿಷಯಕ್ಕೆ ಬಂದಾಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಮನೆ ತೋರಿಸಿದ ದಲಾಲರು ಆಧಾರ್ ಇಲ್ಲದೆ ನೋಂದಣಿಯೇ ಆಗುವುದಿಲ್ಲ ಎಂದರು. ಅವರ ಪರಿಚಯದವರೊಬ್ಬರು ಹೊರದೇಶದಲ್ಲಿರುವವರಿಗೆ ಒಸಿಐ ಕಾರ್ಡ್ ಬೇಕು ಎಂದರು. ನನ್ನ ಬಳಿ ಇರುವುದು ಭಾರತದ ಪಾಸ್‌ಪೋರ್ಟ್, 2019ರಲ್ಲಿ ಇಲ್ಲಿಯೇ ನವೀಕರಿಸಿದ್ದು. 2008ರಲ್ಲಿ ಮಾಡಿಸಿದ ಪ್ಯಾನ್ ಇದೆ, ಇಲ್ಲಿನ ವೀಸಾ ಮತ್ತು ಎಮಿರೇಟ್ಸ್ ಗುರುತಿನ ಚೀಟಿ ಇವೆ. ಆಧಾರ್ ಮಾಡಿಸಲೇ ಇಲ್ಲ. ನಾನು ಊರು ಬಿಟ್ಟಾಗ ನಮ್ಮ ಓಣಿಯಲ್ಲಿ ಯಾರ ಬಳಿಯೂ ಇರಲಿಲ್ಲ, ಆಮೇಲೆ ರಜೆಗೆ ಬಂದಾಗಲೆಲ್ಲ ಮದುವೆ, ಮುಂಜಿವೆ, ಆಸ್ಪತ್ರೆ ಎಂದು ದಿನಗಳು ಮುಗಿದುಹೋದವು.

ಇನ್ನೊಂದು ತೊಡಕಿದೆ. ನಮ್ಮ ಅಡ್ಡಹೆಸರು ಮನೆತನದ ಕಸಬಿನಿಂದ ಬಂದದ್ದು. ಇಂಗ್ಲಿಷಿನಲ್ಲಿ ಬರೆಯುವಾಗ ಅದರ ನಡುವೆ ಪಾಸ್‌ಪೋರ್ಟಿನಲ್ಲಿ ‘ಐ’ ಇದೆ, ಪ್ಯಾನ್‌ನಲ್ಲಿ ‘ಎ’ ಇದೆ. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿಗೆ ಅಪ್ಪನ ಹೆಸರು ಜೋಡಿಸಿಕೊಂಡಿದೆ. ಪ್ಯಾನ್‌ನಲ್ಲಿ ಅಪ್ಪನ ಹೆಸರು ಕೆಳಗೆ ಬೇರೆಯಾಗಿದೆ. ಕನ್ನಡದಲ್ಲಿ ಓದಿದರೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ನೋಡಿದರೆ ಇಬ್ಬರು ಬೇರೆ ಬೇರೆ ಗಂಡಸರು.

ನನಗೆ ಈಗ ರಜೆ ಸಿಗುವುದಿಲ್ಲ. ಅವ್ವನ ಹೆಸರಿಗೆ ವಟಮುಖತ್ಯಾರ ಪತ್ರ, ಅಂದರೆ ನನ್ನ ಪರವಾಗಿ ಸಹಿ ಮಾಡುವ ಅಧಿಕಾರ ಪತ್ರ, ಕಳಿಸಿ ಖರೀದಿ ಮುಗಿಸಬೇಕೆಂದಿದ್ದೇನೆ. ಅಲ್ಲಿಯೂ ಒಂದು ಚಿಂತೆ. ಅವ್ವ 22 ವರ್ಷ ಖಾನಾವಳಿಗೆ ರೊಟ್ಟಿ ಬಡಿದವಳು. ಅವಳ ಬೆರಳ ತುದಿಗಳು ಹೊಳೆದಂಡೆಯ ಕಲ್ಲಿನಂತೆ ನುಣುಪಾಗಿಬಿಟ್ಟಿವೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಹೊಂದದೆ ಮೂರು ಸಲ ಬರಿಗೈಯಲ್ಲಿ ಮರಳಿ ಬಂದಿದ್ದಾಳೆ. ಉಪನೋಂದಣಿ ಕಚೇರಿಯಲ್ಲಿಯೂ ಹಾಗೆಯೇ ಆದರೆ ಏನು ಮಾಡುವುದು? ಹಣ ನನ್ನ ಎನ್‌ಆರ್‌ಇ ಖಾತೆಯಲ್ಲಿದೆ (ಹೊರದೇಶದ ದುಡಿಮೆ ಇಡುವ ಅನಿವಾಸಿಗಳ ಖಾತೆ). ಧಾರವಾಡದ ಹಳೆಯ ಉಳಿತಾಯ ಖಾತೆಯಲ್ಲಿಯೂ ನಾಲ್ಕು ಲಕ್ಷ ಇದೆ.

ದಯವಿಟ್ಟು ಅನುಭವವಿದ್ದವರು ಹೇಳಿ. ಸಂಚಕಾರದ ಅವಧಿ ಇನ್ನು ಮೂರು ತಿಂಗಳು.

ಗೋಕುಲ ರಸ್ತೆ:

ಅಣ್ಣಾವರೇ, ಇಷ್ಟು ತಲೆನೋವು ಏಕೆ? ತಾಯಿಯವರ ಹೆಸರಿಗೇ ಖರೀದಿ ಮಾಡಿಸಿ. ಅವರ ಆಧಾರ್ ಇದೆ, ಅವರು ಅಲ್ಲೇ ಇದ್ದಾರೆ. ನನ್ನ ಭಾವ ಕತಾರ್‌ನಲ್ಲಿದ್ದಾಗ ಹೀಗೆಯೇ ಮಾಡಿದರು, ಒಂದೇ ವಾರದಲ್ಲಿ ಮುಗಿಯಿತು.

ನಿವೃತ್ತ ಬಾಂಡ್ ರೈಟರ್:

ಮಾಳಮಡ್ಡಿಯವರೇ, ನಾನು ಧಾರವಾಡದಲ್ಲಿ 31 ವರ್ಷ ಖರೀದಿ ಪತ್ರ, ವಾಟ್ನಿ (ಪಾಲು) ಪತ್ರ, ಬಕ್ಷೀಸ (ದಾನ) ಪತ್ರ ಬರೆದವನು. ಕೈಯಿಂದ ಬರೆಯುವ ಕಾಲದಿಂದ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಕಾಲದವರೆಗೆ ನೋಡಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ಹೆದರಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂದು ಬೇರ್ಪಡಿಸಿ ಹೇಳುತ್ತೇನೆ.

ಆಧಾರ್ ಬಗ್ಗೆ ಹೆದರಬೇಡಿ. ನೀವು ಭಾರತದ ಪ್ರಜೆ. ನಿಮ್ಮ ಗುರುತಿಗೆ ಪಾಸ್‌ಪೋರ್ಟೇ ಎಲ್ಲಕ್ಕಿಂತ ಗಟ್ಟಿಯಾದ ಕಾಗದ. ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಬಯಸಿದರೆ ಊರಿಗೆ ಬಂದೊಡನೆ ಆಧಾರ್ ಮಾಡಿಸಬಹುದು. 2019ರಿಂದ ಅವರಿಗೆ 182 ದಿನ ಕಾಯುವ ನಿಯಮವಿಲ್ಲ. ಮಾಡಿಸಿಕೊಂಡರೆ ಮುಂದೆ ಅನುಕೂಲ, ಆದರೆ ಅದಿಲ್ಲವೆಂದು ಖರೀದಿ ನಿಲ್ಲಬೇಕಾಗಿಲ್ಲ. ಒಸಿಐ ಕಾರ್ಡ್ ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ. ನಿಮಗೆ ಅದು ಬೇಕಿಲ್ಲ, ಕೇಳಿದರೂ ಕೊಡುವುದಿಲ್ಲ. ಅದನ್ನು ಹೇಳಿದವರು ಅನಿವಾಸಿ ಭಾರತೀಯ ಮತ್ತು ವಿದೇಶಿ ಪ್ರಜೆ ಎಂಬ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ.

ಹೆದರಬೇಕಾದದ್ದು ಆ ‘ಐ’ ಮತ್ತು ‘ಎ’ಗೆ. ಕಾಗದ ಎಷ್ಟಿವೆ ಎನ್ನುವುದು ಮುಖ್ಯವಲ್ಲ. ಪಾಸ್‌ಪೋರ್ಟ್, ಪ್ಯಾನ್, ಬ್ಯಾಂಕ್ ಖಾತೆ, ವಟಮುಖತ್ಯಾರ ಪತ್ರ, ಖರೀದಿ ಪತ್ರ, ಈ ಐದರಲ್ಲಿಯೂ ಒಬ್ಬನೇ ಮನುಷ್ಯ ಕಾಣಬೇಕು. ಇವತ್ತು ಯಾರೂ ಕೇಳದಿದ್ದರೂ ಹದಿನೈದು ವರ್ಷದ ನಂತರ ನೀವು ಮನೆ ಮಾರಲು ಹೋದಾಗ, ಅಥವಾ ನಿಮ್ಮ ಮಕ್ಕಳು ಮನೆಯ ದಾಖಲೆಯಲ್ಲಿ ಹೆಸರು ಬದಲಿಸಲು ಹೋದಾಗ, ಆ ಒಂದು ಅಕ್ಷರ ಎದ್ದು ನಿಲ್ಲುತ್ತದೆ. ನಮ್ಮ ಭಾಗದಲ್ಲಿ ಇದು ಮನೆಮನೆಯ ತೊಂದರೆ. ನಮ್ಮದು ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಕಂಬದ ಹೆಸರು. ಅರ್ಜಿಗಳಲ್ಲಿ ಇರುವುದು ಎರಡು ಅಂಕಣ. ತುಂಬಿದವರು ಅವರವರಿಗೆ ತಿಳಿದಂತೆ ತುಂಬಿದರು.

ನಿಮ್ಮ ವಿಷಯದಲ್ಲಿ ಪಾಸ್‌ಪೋರ್ಟನ್ನು ಮೂಲವೆಂದು ಹಿಡಿಯಿರಿ, ಪ್ಯಾನ್ ಅನ್ನು ಅದಕ್ಕೆ ಹೊಂದಿಸಿ. ಪ್ಯಾನ್ ತಿದ್ದುಪಡಿ ಅರ್ಜಿಯನ್ನು ಅಲ್ಲಿಂದಲೇ ಹಾಕಬಹುದು, ಪುರಾವೆಗೆ ಪಾಸ್‌ಪೋರ್ಟ್ ಪ್ರತಿ ಸಾಕು. ಪಾಸ್‌ಪೋರ್ಟಿನ ಮೊದಲ ಪುಟ ಮಾತ್ರವಲ್ಲ, ಕೊನೆಯ ಪುಟದ ಪ್ರತಿಯನ್ನೂ ಎಲ್ಲ ಕಡೆಗೂ ಕೊಡಿ. ತಂದೆ, ತಾಯಿಯ ಹೆಸರು ಮತ್ತು ವಿಳಾಸ ಇರುವುದು ಅಲ್ಲಿ. ಸಂಚಕಾರದ ಅವಧಿಯೊಳಗೆ ಹೊಸ ಪ್ಯಾನ್ ಕೈಗೆ ಬಾರದಿದ್ದರೆ ಖರೀದಿ ಪತ್ರದಲ್ಲಿ ಎರಡೂ ಬರಹವನ್ನು ‘ಉರ್ಫ್’ ಎಂದು ಸೇರಿಸಿ, ಇಬ್ಬರೂ ಒಬ್ಬನೇ ಎಂದು ಪ್ರಮಾಣಪತ್ರ ಮಾಡಿಸಿ ಜೊತೆಗಿಡಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಖರೀದಿ ಬರೆಸಿಕೊಂಡವರು: ಶ್ರೀ ಇಂಥವರು ಉರ್ಫ್ ಇಂಥವರು, ತಂದೆಯ ಹೆಸರು ಇಂಥದ್ದು, ಮೂಲ ವಸ್ತಿ ಮಾಳಮಡ್ಡಿ ಧಾರವಾಡ, ಹಾಲಿ ವಸ್ತಿ ದುಬೈ, ಭಾರತೀಯ ಪಾಸ್‌ಪೋರ್ಟ್ ಸಂಖ್ಯೆ ಇಂಥದ್ದು, ಪ್ಯಾನ್ ಇಂಥದ್ದು, ಇವರ ಪರವಾಗಿ ಇವರ ವಟಮುಖತ್ಯಾರರೂ ತಾಯಿಯವರೂ ಆದ ಶ್ರೀಮತಿ ಇಂಥವರು.’ ಈ ನಾಲ್ಕು ಸಾಲು ಸರಿಯಾಗಿ ಕೂತರೆ ಅರ್ಧ ಕೆಲಸ ಮುಗಿದಂತೆ.

ಗೋಕುಲ ರಸ್ತೆಯವರು ಒಳ್ಳೆಯ ಮನಸ್ಸಿನಿಂದ ಹೇಳಿದ್ದಾರೆ, ಆದರೆ ನಾನು ಆ ದಾರಿಗೆ ಒಪ್ಪುವುದಿಲ್ಲ. ಹಣ ನಿಮ್ಮದು, ಹೆಸರು ಇನ್ನೊಬ್ಬರದು ಎಂದಾಗ ಬೇನಾಮಿ ಕಾಯ್ದೆಯ ಪ್ರಶ್ನೆ ಬರುತ್ತದೆ. ಗೊತ್ತಿರುವ ಮೂಲದ ಹಣದಿಂದ ಹೆಂಡತಿ ಮಕ್ಕಳ ಹೆಸರಿಗೆ ಕೊಂಡರೆ ವಿನಾಯಿತಿ ಇದೆ. ತಾಯಿಯ ಅಥವಾ ತಮ್ಮನ ಒಬ್ಬರದೇ ಹೆಸರಿಗೆ ಆ ವಿನಾಯಿತಿ ಹಾಗೆ ಅನ್ವಯಿಸುವುದಿಲ್ಲ. ತಾಯಿಗೇ ಮನೆ ಕೊಡಬೇಕೆಂದಿದ್ದರೆ ಹಣವನ್ನು ಅವರಿಗೆ ಉಡುಗೊರೆಯೆಂದು ಕಾಗದದಲ್ಲಿ ಸ್ಪಷ್ಟವಾಗಿ ಕೊಟ್ಟು, ಮನೆ ಅವರದೇ ಎಂದು ನಿಜವಾಗಿಯೂ ಒಪ್ಪಿಕೊಳ್ಳಬೇಕು. ಆಗ ಮೃತ್ಯುಪತ್ರ ಇಲ್ಲದಿದ್ದರೆ ಅವರ ನಂತರ ಮಕ್ಕಳೆಲ್ಲರಿಗೂ ಸಮಪಾಲು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ನಿಮ್ಮ ತಾಯಿಯೇ ಬೇಡ ಎನ್ನುತ್ತಿದ್ದಾರೆ.

ಅದೇ ಕಾರಣಕ್ಕೆ ತಮ್ಮನ ಹೆಸರಿನ ಸಂಚಕಾರ ಪತ್ರವನ್ನು ಹಾಗೆಯೇ ಬಿಡಬೇಡಿ. ಮಾರುವವರು ಒಳ್ಳೆಯವರಿರುವಂತೆ ಕಾಣುತ್ತದೆ. ಆ ಎರಡು ಲಕ್ಷವನ್ನು ಅವರು ತಮ್ಮನ ಖಾತೆಗೆ ಮರಳಿಸಲಿ, ಹಳೆಯ ಪತ್ರ ರದ್ದಾಯಿತೆಂದು ಬರೆಸಿಕೊಳ್ಳಿ. ನಿಮ್ಮ ಎನ್‌ಆರ್‌ಇ ಖಾತೆಯಿಂದ ನೇರವಾಗಿ ಅವರ ಖಾತೆಗೆ ಅಷ್ಟೇ ಹಣ ಹಾಕಿ ನಿಮ್ಮ ಹೆಸರಿಗೆ ಹೊಸ ಸಂಚಕಾರ ಪತ್ರ ಮಾಡಿಸಿ. ಅನಿವಾಸಿಯು ಆಸ್ತಿಯ ಹಣವನ್ನು ಎನ್‌ಆರ್‌ಇ, ಎನ್‌ಆರ್‌ಒ (ಅನಿವಾಸಿಯ ಊರಿನ ಆದಾಯ ಇಡುವ ಖಾತೆ), ಎಫ್‌ಸಿಎನ್‌ಆರ್ (ವಿದೇಶಿ ಹಣದ ಠೇವಣಿ) ಖಾತೆಗಳಿಂದ ಅಥವಾ ಹೊರದೇಶದಿಂದ ಬ್ಯಾಂಕ್ ಮೂಲಕ ಬಂದ ಹಣದಿಂದಲೇ ಕೊಡಬೇಕು. ವಿದೇಶಿ ನೋಟಿನಲ್ಲಿ ಕೊಡುವಂತಿಲ್ಲ. ಯಾವ ದಿನ ಎಷ್ಟು ಹಣ ಯಾವ ಖಾತೆಯಿಂದ ಹೋಯಿತು ಎಂಬುದು ಖರೀದಿ ಪತ್ರದಲ್ಲಿ ಬರಲಿ.

ತಾಯಿಯವರ ಬೆರಳಿನ ವಿಷಯ ಓದಿ ನನಗೆ ನಮ್ಮ ತಾಯಿ ನೆನಪಾದರು. ನೋಂದಣಿ ಕಾಯ್ದೆಯ 32ಎ ಕಲಂ ಪ್ರಕಾರ ಪತ್ರಕ್ಕೆ ಭಾವಚಿತ್ರ ಮತ್ತು ಬೆರಳಚ್ಚು ಹಾಕಲೇಬೇಕು. ಆದರೆ ಪಾಸ್‌ಪೋರ್ಟ್, ಮತದಾರರ ಚೀಟಿಯಂತಹ ಗುರುತು ಕೊಟ್ಟವರ ಅಚ್ಚನ್ನು ಅಲ್ಲಿ ದಾಖಲಿಸಿಕೊಳ್ಳುತ್ತಾರೆಯೇ ಹೊರತು ಪಡಿತರ ಅಂಗಡಿಯಂತೆ ಆಧಾರ್ ಜೊತೆ ಹೊಂದಿಸಿ ನೋಡಿ ಬಾಗಿಲು ಮುಚ್ಚುವುದಿಲ್ಲ. ಅವರ ಮತದಾರರ ಚೀಟಿ ತಯಾರಿಡಿ. ಗುರುತಿಸಲು ಇಬ್ಬರು ಸಾಕ್ಷಿದಾರರು ಅವರವರ ಗುರುತಿನ ಚೀಟಿ ಸಮೇತ ಬರಲಿ; ತಾಯಿಯವರನ್ನು ಬಲ್ಲ ಓಣಿಯವರಾದರೆ ಉತ್ತಮ. ಇನ್ನೊಂದು ಮಾತು: ನಿಮ್ಮ ತಾಯಿಯವರ ಹೆಸರೂ ವಟಮುಖತ್ಯಾರ ಪತ್ರದಲ್ಲಿ ಅವರ ಚೀಟಿಯಲ್ಲಿ ಇದ್ದಂತೆಯೇ ಬರಬೇಕು. ಮಗನ ಅಕ್ಷರ ತಿದ್ದುವ ಗಡಿಬಿಡಿಯಲ್ಲಿ ತಾಯಿಯ ಹೆಸರನ್ನು ನೆನಪಿನಿಂದ ಬರೆದು ಕಳಿಸಿದವರನ್ನು ನಾನು ಬಹಳ ನೋಡಿದ್ದೇನೆ.

ವಟಮುಖತ್ಯಾರ ಪತ್ರವನ್ನು ಅಲ್ಲಿ ಮೊದಲೇ ಸಹಿ ಮಾಡಿ ಒಯ್ಯಬೇಡಿ. ಹೊರದೇಶದಲ್ಲಿ ಇರುವವರ ಅಧಿಕಾರ ಪತ್ರವನ್ನು ನೋಟರಿ, ನ್ಯಾಯಾಲಯ ಅಥವಾ ಭಾರತೀಯ ದೂತಾವಾಸದ ಅಧಿಕಾರಿಯ ಎದುರು ಬರೆದುಕೊಟ್ಟು ದೃಢೀಕರಿಸಿರಬೇಕು ಎಂದು ನೋಂದಣಿ ಕಾಯ್ದೆಯ 33ನೆಯ ಕಲಂ ಹೇಳುತ್ತದೆ. ದುಬೈನಲ್ಲಿ ನಮ್ಮ ದೂತಾವಾಸವೇ ಇರುವಾಗ ಅಲ್ಲಿಯೇ ಮಾಡಿಸಿ. ಪಾಸ್‌ಪೋರ್ಟಿನ ಮೂಲಪ್ರತಿ ಹಿಡಿದು ಖುದ್ದಾಗಿ ಹೋಗಿ ಅಧಿಕಾರಿಯ ಮುಂದೆಯೇ ಸಹಿ ಹಾಕಿ. ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ತುಂಬಿಸಬೇಕು. ಕೊರಿಯರ್ ಲಕೋಟೆಯನ್ನು ಎಸೆಯದಿರಲು ತಾಯಿಯವರಿಗೆ ಹೇಳಿ, ಯಾವ ದಿನ ಬಂತೆಂಬುದಕ್ಕೆ ಅದೇ ಸಾಕ್ಷಿ. ಪತ್ರದಲ್ಲಿ ಈ ಒಂದು ಮನೆಯ ಸಿಟಿಎಸ್ (ನಗರ ಸರ್ವೆ) ನಂಬರು, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆದು, ಇದನ್ನು ಕೊಳ್ಳುವ ಅಧಿಕಾರ ಮಾತ್ರ ಕೊಡಿ. ‘ನನ್ನ ಎಲ್ಲ ಆಸ್ತಿಯ ಮೇಲೆ’ ಎಂಬ ಸಾಮಾನ್ಯ ಅಧಿಕಾರ ಪತ್ರ ಬೇಡ. ತಾಯಿಯ ಮೇಲೆ ನಂಬಿಕೆ ಇಲ್ಲವೆಂದಲ್ಲ, ವಯಸ್ಸಾದವರ ಕೈಯಲ್ಲಿ ಅಂತಹ ಕಾಗದವಿದ್ದರೆ ಸಹಿ ಕೇಳಿಕೊಂಡು ಬರುವವರು ಹುಟ್ಟಿಕೊಳ್ಳುತ್ತಾರೆ.

ಬೆಟಗೇರಿಯ ಮಗಳು:

ಅಣ್ಣಾವರೇ, ನಾನು ಮಸ್ಕತ್‌ನಲ್ಲಿ ನರ್ಸ್. 2023ರಲ್ಲಿ ಬೆಟಗೇರಿಯಲ್ಲಿ ಅಪ್ಪನ ಮೂಲಕ ಮನೆ ಕೊಂಡೆ. ಬಾಂಡ್ ರೈಟರ್ ಕಾಕಾ ಎಲ್ಲವನ್ನೂ ಬಿಡಿಸಿ ಹೇಳಿದ್ದಾರೆ. ನಾನು ಎಡವಿದ ಎರಡು ಜಾಗ ಹೇಳುತ್ತೇನೆ, ನೀವು ಎಡವಬೇಡಿ.

ನನಗೂ ಆಧಾರ್ ಇರಲಿಲ್ಲ. ಅನಿವಾಸಿಗಳು ಪ್ಯಾನ್‌ಗೆ ಆಧಾರ್ ಜೋಡಿಸಬೇಕಾಗಿಲ್ಲ ಎಂದು ತಿಳಿದು ಸುಮ್ಮನಿದ್ದೆ. ವಿನಾಯಿತಿ ಇರುವುದು ನಿಜ. ಆದರೆ ನಾನು ಅನಿವಾಸಿ ಎಂಬುದು ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಇರಬೇಕಲ್ಲ! ಅವರ ಕಡತದಲ್ಲಿ ನಾನು ಇನ್ನೂ ಗದುಗಿನಲ್ಲಿಯೇ ವಾಸಿಸುವ ಹುಡುಗಿ. 2023ರ ಜುಲೈ 1ರಿಂದ ಜೋಡಣೆಯಾಗದ ಪ್ಯಾನ್‌ಗಳು ನಿಷ್ಕ್ರಿಯವಾದಾಗ ನನ್ನದೂ ಹೋಯಿತು. ನನಗೆ ಗೊತ್ತಾದದ್ದು ಆಗಸ್ಟ್ ಕೊನೆಗೆ, ಖರೀದಿಗೆ ಹನ್ನೊಂದು ದಿನ ಇರುವಾಗ. ರಾತ್ರಿ ಪಾಳಿ ಮುಗಿಸಿ ಬಂದು ಮೊಬೈಲ್‌ನಲ್ಲಿ ಪ್ಯಾನ್ ಪರಿಶೀಲಿಸಿದೆ. ‘ನಿಷ್ಕ್ರಿಯ’ ಎಂಬ ಅರ್ಥದ ಆ ಒಂದು ಪದ ಕಂಡಾಗ ಕೈ ನಡುಗಿತು. ನನ್ನ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ಪಾಸ್‌ಪೋರ್ಟ್, ವೀಸಾ, ಪ್ರವೇಶ-ನಿರ್ಗಮನದ ಮೊಹರುಗಳ ಪುಟಗಳ ಪ್ರತಿ ಲಗತ್ತಿಸಿ ನಾನು ಅನಿವಾಸಿ ಎಂದು ಬರೆದುಕೊಂಡೆ. ಸರಿಹೋಗಲು ಏಳು ವಾರ ಹಿಡಿಯಿತು. ಮಾರುವವರ ಮನೆಗೆ ಅಪ್ಪ ಎರಡು ಸಲ ಹೋಗಿ ಅವಧಿ ಕೇಳಿಕೊಂಡು ಬಂದರು. ನಿಮ್ಮ ಬೆಲೆಯ ವ್ಯವಹಾರಕ್ಕೆ ಪ್ಯಾನ್ ಇಲ್ಲದೆ ನಡೆಯುವುದಿಲ್ಲ. ಆದ್ದರಿಂದ ಹೆಸರು ತಿದ್ದುವ ಮೊದಲು ನಿಮ್ಮ ಪ್ಯಾನ್ ಚಾಲ್ತಿಯಲ್ಲಿದೆಯೇ ಎಂದು ಇವತ್ತೇ ನೋಡಿ. ಈಚಿನ ವರ್ಷಗಳಲ್ಲಿ ಅನಿವಾಸಿ ಎಂದು ರಿಟರ್ನ್ಸ್ ಸಲ್ಲಿಸಿದ್ದರೆ ಬಹುಶಃ ಸರಿಯಿರುತ್ತದೆ. 2008ರ ಪ್ಯಾನ್ ಮಾಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದರೆ ಅನುಮಾನ.

ಎರಡನೆಯದು ಪಾಸ್‌ಪೋರ್ಟ್ ಸಂಖ್ಯೆ. ನಾನು ಅಪ್ಪನಿಗೆ ಅಧಿಕಾರ ಪತ್ರ ಕಳಿಸಿದ್ದು ಹಳೆಯ ಪಾಸ್‌ಪೋರ್ಟ್ ಮೇಲೆ. ಈ ಏಳು ವಾರದಲ್ಲಿ ಅದನ್ನು ನವೀಕರಿಸಬೇಕಾಗಿ ಬಂತು. ಹೊಸ ಪುಸ್ತಕ, ಹೊಸ ಸಂಖ್ಯೆ. ಖರೀದಿ ಪತ್ರದಲ್ಲಿ ಹೊಸ ಸಂಖ್ಯೆ, ಅಧಿಕಾರ ಪತ್ರದಲ್ಲಿ ಹಳೆಯ ಸಂಖ್ಯೆ. ಕಚೇರಿಯಲ್ಲಿ ಅಪ್ಪನನ್ನು ‘ಈ ಇಬ್ಬರು ಯಾರು’ ಎಂದು ಕೇಳಿದರು. ಅಪ್ಪ ಅಲ್ಲಿಂದಲೇ ಫೋನ್ ಮಾಡಿದರು. ‘ನನ್ನ ಮಗಳು ಒಬ್ಬಳೇ ಎಂದು ನಾನು ಹೇಳಿದರೆ ನಂಬುವುದಿಲ್ಲವಂತೆ ತಂಗಿ’ ಎಂದ ಅವರ ದನಿ ಈಗಲೂ ಕಿವಿಯಲ್ಲಿದೆ. ಹೊಸ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಹಳೆಯ ಪಾಸ್‌ಪೋರ್ಟಿನ ಸಂಖ್ಯೆ, ಕೊಟ್ಟ ದಿನಾಂಕ, ಊರು ಅಚ್ಚಾಗಿರುತ್ತದೆ. ನಾನು ಅದರ ಚಿತ್ರ ಕಳಿಸಿದ ಮೇಲೆ ಒಪ್ಪಿದರು. ನಿಮ್ಮದು 2019ರದ್ದಾದ್ದರಿಂದ 2029ರವರೆಗೆ ಚಿಂತೆಯಿಲ್ಲ. ಆದರೂ 2010ರಲ್ಲಿ ಬಂದಾಗಿನ ಹಳೆಯ ಪುಸ್ತಕವನ್ನು ಎಸೆಯಬೇಡಿ. ನೀವು ಯಾವಾಗ ದೇಶ ಬಿಟ್ಟಿರಿ ಎಂಬುದಕ್ಕೆ ಅದರಲ್ಲಿನ ಮೊಹರೇ ಪುರಾವೆ.

ಆ ಹಳೆಯ ಉಳಿತಾಯ ಖಾತೆಯ ನಾಲ್ಕು ಲಕ್ಷವನ್ನು ಈಗ ಮುಟ್ಟಬೇಡಿ. ಅನಿವಾಸಿಯಾದ ಮೇಲೆ ಅದು ಎನ್‌ಆರ್‌ಒ ಖಾತೆಯಾಗಿ ಬದಲಾಗಬೇಕು. ಬ್ಯಾಂಕಿಗೆ ಪಾಸ್‌ಪೋರ್ಟ್, ವೀಸಾ, ಹೊರದೇಶದ ವಿಳಾಸದ ಪುರಾವೆ, ಪ್ಯಾನ್ ಕೊಟ್ಟು ಬದಲಿಸಿ, ನಂತರ ಬಳಸಿ. ನಿಮ್ಮ ಎಮಿರೇಟ್ಸ್ ಚೀಟಿ ಉಪಯೋಗಕ್ಕೆ ಬರುವುದು ಅಲ್ಲಿ.

ಮಾಳಮಡ್ಡಿಯವನು:

ಕಾಕಾ, ಅಕ್ಕಾವರೇ, ನಿಮ್ಮಿಬ್ಬರ ಬರಹವನ್ನು ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. ನಿಮಗೆ ಕೈಮುಗಿದಿದ್ದಾಳೆ.

ಪ್ಯಾನ್ ನೋಡಿದೆ. ನಿಷ್ಕ್ರಿಯವಾಗಿದೆ. ಅಕ್ಕಾವರು ಹೇಳಿದ್ದಂತೆಯೇ ಇದೆ, ಅವರ ಕಡತದಲ್ಲಿ ನಾನು ಊರಿನಲ್ಲಿದ್ದೇನೆ. ಅಧಿಕಾರಿಗೆ ಪತ್ರ ಬರೆದು ಎಲ್ಲ ಪ್ರತಿಗಳನ್ನೂ ಕಳಿಸಿದ್ದೇನೆ. ಹೆಸರು ತಿದ್ದುವ ಅರ್ಜಿ ಅದರ ನಂತರ ಹಾಕಲೇ, ಜೊತೆಗೇ ಹಾಕಲೇ?

ಇನ್ನೊಂದು ವಿಷಯ. ತಮ್ಮ ಹೇಳುತ್ತಿದ್ದಾನೆ, ಉಳಿದ ಹಣದಲ್ಲಿ ಕುಂದಗೋಳದ ಕಡೆ ಎರಡು ಎಕರೆ ಎರಿ (ಕಪ್ಪು ಮಣ್ಣಿನ) ಹೊಲ ಹಿಡಿಯೋಣ ಎಂದು. 2020ರ ಮೇಲೆ ಕರ್ನಾಟಕದಲ್ಲಿ ಯಾರು ಬೇಕಾದರೂ ಹೊಲ ಕೊಳ್ಳಬಹುದಂತೆ, ನಾನೂ ಕೊಳ್ಳಬಹುದೇ? ಅಥವಾ ಹುಬ್ಬಳ್ಳಿಯ ಹೊರಗೆ ಗುಂಟೆ ಲೆಕ್ಕದಲ್ಲಿ ಪ್ಲಾಟ್ ಕೊಡುತ್ತಿದ್ದಾರೆ, ಅದು?

ಎರೆಮಣ್ಣು:

ಬೇಡ ಅಣ್ಣಾವರೇ, ಎರಡೂ ಬೇಡ. 2020ರಲ್ಲಿ ತೆಗೆದದ್ದು ರಾಜ್ಯದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳ ನಿರ್ಬಂಧ. ಅದು ರೈತರಲ್ಲದವರಿಗೆ ದಾರಿ ತೆರೆಯಿತು. ಅನಿವಾಸಿಗಳನ್ನು ತಡೆಯುವುದು ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ. ಅದರಡಿ ಅನಿವಾಸಿ ಭಾರತೀಯರಾಗಲಿ ಒಸಿಐ ಕಾರ್ಡಿನವರಾಗಲಿ ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ಅಪ್ಪನಿಂದ ವಾರಸಾ ಬಂದರೆ ಇಟ್ಟುಕೊಳ್ಳಬಹುದು, ಹಣ ಕೊಟ್ಟು ಕೊಳ್ಳುವಂತಿಲ್ಲ. ತಪ್ಪಿದರೆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಲು ಅವಕಾಶವಿದೆ. ಉಪನೋಂದಣಿ ಕಚೇರಿಯಲ್ಲಿ ನಿಮ್ಮನ್ನು ಅನಿವಾಸಿ ಎಂದು ಯಾರೂ ಗುರುತಿಸದೆ ಪತ್ರ ನೋಂದಣಿ ಆದರೂ ಆ ಖರೀದಿ ನಿಯಮಕ್ಕೆ ವಿರುದ್ಧವೇ.

ನಾನು ಅಮೆರಿಕದ ಪೌರತ್ವ ಪಡೆದವನು, ಒಸಿಐ ಕಾರ್ಡ್ ಇದೆ, ಮೂಲ ಊರು ಕುಂದಗೋಳ ತಾಲ್ಲೂಕು. ಗುಂಟೆ ಪ್ಲಾಟಿಗೆ ಕೈ ಹಾಕಿದ್ದೆ. ಸಾಲಾಗಿ ಕಲ್ಲು ನೆಟ್ಟು, ಕೆಂಪು ಮಣ್ಣಿನ ರಸ್ತೆ ಬಿಟ್ಟು, ಕಮಾ‌ನು ಕಟ್ಟಿ ಚೆನ್ನಾಗಿ ತೋರಿಸಿದರು. ಉತಾರ (ಪಹಣಿ) ತೆಗೆಸಿ ನೋಡಿದರೆ ಆ ವರ್ಷದ ಬೆಳೆ ಕಾಲಂನಲ್ಲಿ ‘ಮೆಣಸಿನಕಾಯಿ’ ಎಂದಿತ್ತು. ಕಣ್ಣಿಗೆ ಪ್ಲಾಟ್, ಕಾಗದದಲ್ಲಿ ಹೊಲ. ಅಲ್ಲಿಯೇ ನಿಂತೆ. ಪ್ಲಾಟ್ ಬೇಕೆಂದರೆ ಜಿಲ್ಲಾಧಿಕಾರಿಗಳ ಎನ್.ಎ. (ಕೃಷಿಯೇತರ ಬಳಕೆಯ) ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ಪಾಲಿಕೆಯ ಇ-ಆಸ್ತಿ ದಾಖಲೆ, ಈ ಮೂರೂ ಇರುವುದನ್ನೇ ನೋಡಿ.

ತಮ್ಮನ ಹೆಸರಿನಲ್ಲಿ ಹೊಲ ತೆಗೆಯೋಣ ಎಂದು ಅವನು ಮುಂದೆ ಹೇಳಬಹುದು. ಕಾಕಾ ಬರೆದ ಬೇನಾಮಿ ಮಾತನ್ನು ಇನ್ನೊಮ್ಮೆ ಓದಿ ಹೇಳಿ ಅವನಿಗೆ.

ನಿವೃತ್ತ ಬಾಂಡ್ ರೈಟರ್:

ಎರೆಮಣ್ಣು ಅವರು ಹೇಳಿದ ಪ್ರತಿ ಮಾತೂ ಸರಿ.

ಮಾಳಮಡ್ಡಿಯವರೇ, ಎರಡು ಅರ್ಜಿಯನ್ನೂ ಒಟ್ಟಿಗೇ ಹಾಕಬೇಡಿ. ಮೊದಲು ಪ್ಯಾನ್‌ಗೆ ಜೀವ ಬರಲಿ, ಆಮೇಲೆ ಅಕ್ಷರ ತಿದ್ದಿಸಿ. ಒಂದು ಮುಗಿಯುವ ಮೊದಲು ಇನ್ನೊಂದು ಬದಲಾದರೆ ಅಧಿಕಾರಿಯ ಮುಂದಿರುವ ಕಾಗದಕ್ಕೂ ತಂತ್ರಾಂಶದಲ್ಲಿರುವ ಹೆಸರಿಗೂ ತಾಳೆಯಾಗುವುದಿಲ್ಲ. ಮಾರುವವರಲ್ಲಿಗೆ ಈಗಲೇ ಹೋಗಿ, ಹೊಸ ಸಂಚಕಾರ ಪತ್ರದಲ್ಲಿ ಅವಧಿಯನ್ನು ಐದು ತಿಂಗಳಿಗೆ ಬರೆಸಿ. ಕೊನೆಯ ವಾರದಲ್ಲಿ ಕೇಳುವುದಕ್ಕಿಂತ ಕಾರಣ ತೋರಿಸಿ ಇವತ್ತು ಕೇಳಿದರೆ ಮರ್ಯಾದೆ. ಶಿಕ್ಷಕರಾಗಿದ್ದವರು, ಕಾಗದದ ಬೆಲೆ ಅವರಿಗೆ ಗೊತ್ತಿರುತ್ತದೆ. ಅವರ ಪ್ಯಾನ್, ಆಧಾರ್, ಮನೆಯ ಸಿಟಿಎಸ್ ಉತಾರ, ಇ-ಆಸ್ತಿ ದಾಖಲೆ, ಋಣಭಾರ ಪತ್ರ ನಾಲ್ಕೈದು ದಿನದೊಳಗೆ ತಮ್ಮನ ಕೈಗೆ ಬರಲಿ. ಮಾರುವವರ ಹೆಸರು ಅವುಗಳಲ್ಲಿ ಹೇಗಿದೆ ಎಂಬುದನ್ನೂ ಅಕ್ಷರ ಅಕ್ಷರ ಓದಿ. ತಪ್ಪು ಅವರ ಕಡೆಯೂ ಇರಬಹುದು.

ಖರ್ಚಿನ ಲೆಕ್ಕ ಮೊದಲೇ ಇಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಅಧಿಭಾರ ಸೇರಿ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. 46 ಲಕ್ಷಕ್ಕೆ ಒಟ್ಟು 3,49,600 ರೂಪಾಯಿ. ಸರ್ಕಾರದ ಮಾರ್ಗಸೂಚಿ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ. ಬೆಲೆ 50 ಲಕ್ಷ ಮುಟ್ಟಿದ್ದರೆ ನೀವು ಶೇ. 1 ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕಾಗಿತ್ತು. ನಿಮ್ಮದು 46, ಆ ಕೆಲಸವಿಲ್ಲ.

ಕಾವೇರಿಯಲ್ಲಿ ಮೊದಲು ಕರಡು ಪತ್ರ ಏರಿಸಬೇಕು. ಅಧಿಕಾರಿ ನೋಡಿ ಒಪ್ಪಿದ ಮೇಲೆ ಶುಲ್ಕ ತುಂಬಿ ಸಮಯ ಗೊತ್ತುಮಾಡಿಕೊಳ್ಳುವುದು. ಆ ಕರಡನ್ನು ಏರಿಸುವ ಮೊದಲು ನಿಮಗೆ ಕಳಿಸಲು ಹೇಳಿ. ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ನಿಮ್ಮ ಹೆಸರನ್ನು ಹಿಂದಿನಿಂದ ಮುಂದಕ್ಕೆ, ಒಂದೊಂದೇ ಅಕ್ಷರ ಓದಿ. ಮುಂದಿನಿಂದ ಓದಿದರೆ ಕಣ್ಣು ತನಗೆ ಗೊತ್ತಿರುವ ಹೆಸರನ್ನೇ ಓದಿಬಿಡುತ್ತದೆ. ನಾನು 31 ವರ್ಷ ಹೀಗೆಯೇ ಓದಿದ್ದೇನೆ.

ಮಾಳಮಡ್ಡಿಯವನು:

ಕಾಕಾ, ಮಾರುವ ಗುರುಗಳು ಐದು ತಿಂಗಳಿಗೆ ಒಪ್ಪಿದರು. ತಮ್ಮನ ಖಾತೆಗೆ ಎರಡು ಲಕ್ಷ ಮರಳಿ ಬಂದಿದೆ, ನನ್ನ ಎನ್‌ಆರ್‌ಇ ಖಾತೆಯಿಂದ ಅಷ್ಟೇ ಹಣ ಅವರಿಗೆ ಹೋಗಿದೆ. ಹೊಲದ ಮಾತನ್ನು ತಮ್ಮ ಬಿಟ್ಟಿದ್ದಾನೆ. ಪ್ಯಾನ್ ಸರಿಯಾದ ಮೇಲೆ, ಹೊಸ ಹೆಸರಿನೊಂದಿಗೆ ದೂತಾವಾಸಕ್ಕೆ ಹೋಗುತ್ತೇನೆ. ಅವ್ವನ ಮತದಾರರ ಚೀಟಿಯ ಚಿತ್ರ ತರಿಸಿಕೊಂಡು ನೋಡಿದೆ. ಅದರಲ್ಲಿ ಅಡ್ಡಹೆಸರೇ ಇಲ್ಲ, ಅವಳ ಹೆಸರು ಮತ್ತು ಅಪ್ಪನ ಹೆಸರು ಮಾತ್ರ ಇವೆ. ಆಧಾರ್‌ನಲ್ಲಿಯೂ ಹಾಗೆಯೇ. ವಟಮುಖತ್ಯಾರ ಪತ್ರದ ಕರಡಿನಲ್ಲಿ ನಾನು ಅಡ್ಡಹೆಸರು ಸೇರಿಸಿ ಬರೆದಿದ್ದೆ, ಈಗ ತೆಗೆದಿದ್ದೇನೆ. ನೀವು ಎಚ್ಚರಿಸದಿದ್ದರೆ ಹಾಗೆಯೇ ಹೋಗುತ್ತಿತ್ತು.

ಅವ್ವ ಈಗಲೇ ರಾತ್ರಿ ಮಲಗುವಾಗ ಬೆರಳುಗಳಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಳೆ, ಗೆರೆಗಳು ಮರಳಿ ಬರುತ್ತವೆ ಎಂದು.

ನಿವೃತ್ತ ಬಾಂಡ್ ರೈಟರ್:

ಹಚ್ಚಿಕೊಳ್ಳಲಿ, ಚರ್ಮ ಮೆತ್ತಗಾಗುತ್ತದೆ. ನೋಂದಣಿಯ ದಿನ ಮಾತ್ರ ಹಚ್ಚುವುದು ಬೇಡ, ಅಚ್ಚು ಜಾರುತ್ತದೆ. ಬೆಳಿಗ್ಗೆ ಸಾಬೂನಿನಿಂದ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಬರಲಿ. ಕನ್ನಡಕ ಮರೆಯದಿರಲಿ. ಪತ್ರ ಓದಿ ಹೇಳಿದಾಗ ಮಗನ ಹೆಸರನ್ನು ತಾವೇ ಒಮ್ಮೆ ನೋಡಲಿ.